ಕಾಡಂಚಿನ ಬಡಾವಣೆಗಳು ಮತ್ತು ಹೊರದಾರಿಯ ಲೆಕ್ಕ

ಕಾಳ್ಗಿಚ್ಚಿನ ಭಯವಿರುವ ಪ್ರದೇಶದಲ್ಲಿ ಹೊಸ ಬಡಾವಣೆಯೊಂದು ಏಳುವಾಗ ಅಲ್ಲಿನ ಮನೆಗಳ ಚಾವಣಿ, ಗೋಡೆಗಳು ಬೆಂಕಿಯನ್ನು ಎಷ್ಟರಮಟ್ಟಿಗೆ ತಡೆಯಬಲ್ಲವೆಂಬುದರ ಕಡೆಗೆ ಹರಿಯುವಷ್ಟು ಗಮನ, ಜನರೆಲ್ಲರೂ ಒಮ್ಮೆಲೇ ಹೊರಟರೆ ರಸ್ತೆ ಅವರನ್ನು ಎಷ್ಟು ಹೊತ್ತಿನಲ್ಲಿ ಪಾರುಮಾಡಬಲ್ಲದೆಂಬುದರ ಕಡೆಗೆ ಹರಿಯುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಪ್ಯಾರಡೈಸ್ ಪಟ್ಟಣ ಇದಕ್ಕೆ ಬಹು ದೊಡ್ಡ ಬೆಲೆ ತೆತ್ತಿದೆ.

ಸುಮಾರು 26,000 ಜನರಿದ್ದ ಈ ಪಟ್ಟಣ ಕಣಿವೆಗಳ ನಡುವಿನ ಬೆಟ್ಟದ ಏಣಿನ ಮೇಲೆ ಹರಡಿಕೊಂಡಿತ್ತು. ಕೆಳಗಿನ ಬಯಲಿಗೆ ಇಳಿಯಲು ಸ್ಕೈವೇ ಸೇರಿದಂತೆ ನಾಲ್ಕೇ ರಸ್ತೆಗಳಿದ್ದವು. 2008ರ ಕಾಳ್ಗಿಚ್ಚಿನಲ್ಲಿಯೇ ಈ ರಸ್ತೆಗಳು ವಾಹನಗಳಿಂದ ಕಟ್ಟಿಕೊಂಡಿದ್ದವು. ಸ್ಥಳೀಯ ಆಡಳಿತವನ್ನು ಪರಿಶೀಲಿಸುವ ನಾಗರಿಕರ ಮಂಡಳಿಯಾದ ಗ್ರ್ಯಾಂಡ್ ಜ್ಯೂರಿ, ಹೊರದಾರಿಗಳು ಸುಧಾರಿಸುವವರೆಗೆ ಬೆಂಕಿಯ ಅಪಾಯವಿರುವಲ್ಲಿ ಹೊಸ ಮನೆಗಳಿಗೆ ತಡೆ ಹಾಕಬೇಕೆಂದು ಆಗಲೇ ಶಿಫಾರಸು ಮಾಡಿತು, ಆದರೆ ಜಿಲ್ಲೆಯಂತಹ ಘಟಕವಾದ ಕೌಂಟಿಯ ಆಡಳಿತ ಅದನ್ನು ತಳ್ಳಿಹಾಕಿತು.

2018ರ ನವೆಂಬರ್ 8ರ ಬೆಳಗ್ಗೆ ಸುಮಾರು ಆರೂವರೆಗೆ ವಿದ್ಯುತ್ ಮಾರ್ಗದ ದೋಷದಿಂದ ಹತ್ತಿದ ಬೆಂಕಿ, ಒಣಗಾಳಿಯ ರಭಸಕ್ಕೆ ಸುಮಾರು ಒಂದೂವರೆ ಗಂಟೆಯಲ್ಲಿ ಊರನ್ನು ಮುಟ್ಟಿತು. ಪಟ್ಟಣವನ್ನು ವಲಯಗಳಾಗಿ ವಿಂಗಡಿಸಿ ಒಂದೊಂದನ್ನೇ ತೆರವುಗೊಳಿಸುವ ಯೋಜನೆ ಸಿದ್ಧವಿದ್ದರೂ, ಗಾಳಿಯಲ್ಲಿ ಹಾರಿಬಂದ ಕೆಂಡದ ಚೂರುಗಳು ಜ್ವಾಲೆಗಿಂತ ಬಹಳ ಮುಂದೆ ಬಿದ್ದು ಹಲವೆಡೆ ಒಟ್ಟಿಗೇ ಬೆಂಕಿ ಹತ್ತಿಸಿದ್ದರಿಂದ, ಎಲ್ಲ ವಲಯಗಳ ಜನರೂ ಏಕಕಾಲಕ್ಕೆ ರಸ್ತೆಗಿಳಿಯಬೇಕಾಯಿತು. ಹಗಲಿನಲ್ಲಿಯೇ ಹೊಗೆಯ ಕತ್ತಲು ಕವಿದು, ವಾಹನಗಳು ಗಂಟೆಗಟ್ಟಲೆ ತೆವಳಿದವು. ಒಟ್ಟು 85 ಜನ ಸತ್ತರು. ಅವರಲ್ಲಿ ಹೆಚ್ಚಿನವರು ವೃದ್ಧರು, ಹಲವರು ಮನೆಯಿಂದ ಹೊರಡಲೇ ಆಗದವರು; ಆದ್ದರಿಂದ ತೆರವಿನ ಲೆಕ್ಕದಲ್ಲಿ ಕಾರುಗಳಷ್ಟೇ ಅಲ್ಲ, ಕಾರಿಲ್ಲದವರೂ ನಡೆಯಲಾಗದವರೂ ಸೇರಬೇಕು.

ಆ ಲೆಕ್ಕದ ತಿರುಳು ಸರಳವಾದದ್ದು. ಒಂದೇ ಹೊರದಾರಿಯುಳ್ಳ ಬಡಾವಣೆಯಲ್ಲಿ 1,000 ಮನೆಗಳಿದ್ದು, ಮನೆಗೆರಡರಂತೆ ಕಾರುಗಳು ಹೊರಟು, ಹೊರಹೋಗುವ ಒಂದು ಪಥದಲ್ಲಿ ಗಂಟೆಗೆ 800 ಕಾರುಗಳು ಸಾಗುತ್ತವೆಂದು ಇಟ್ಟುಕೊಂಡರೆ, ಕೊನೆಯ ಕಾರು ದಾಟಲು ಎರಡೂವರೆ ಗಂಟೆ ಬೇಕು. ಅದೇ ರಸ್ತೆಗೆ ಇನ್ನೂ 400 ಮನೆಗಳು ಸೇರಿದರೆ ಮೂರೂವರೆ ಗಂಟೆ. ಹೊಸ ಮನೆಗಳು ಹೊರದಾರಿಗೆ ಹತ್ತಿರವಿದ್ದರೆ ಅಲ್ಲಿನ ಕಾರುಗಳು ಮೊದಲು ಸಾಗಿ, ಹೆಚ್ಚುವರಿ ಗಂಟೆಯ ಹೊರೆ ಹಿಂದಿನಿಂದ ಬರುವ ಹಳೆಯ ನಿವಾಸಿಗಳ ಮೇಲೆ ಬೀಳುತ್ತದೆ, ಮತ್ತು ಇದು ತೀರಾ ಅನ್ಯಾಯದ ಸಂಗತಿ. ಕಟ್ಟಡಗಳಿಗೆ ಜನಸಂಖ್ಯೆಯ ಮಿತಿಯಿರುವಂತೆ ಇಂತಹ ಊರುಗಳಿಗೂ ಗರಿಷ್ಠ ಮಿತಿ ಬೇಡವೇ ಎಂಬ ಪ್ರಶ್ನೆಯನ್ನು ಯೂಟಾ ವಿಶ್ವವಿದ್ಯಾಲಯದ ಭೂಗೋಳತಜ್ಞ ಥಾಮಸ್ ಕೋವಾ 2005ರಲ್ಲಿಯೇ ಎತ್ತಿದ್ದರು.

ವಸತಿಯ ಕೊರತೆಯಿರುವ ಕ್ಯಾಲಿಫೋರ್ನಿಯಾದಲ್ಲಿ ಹೊಸ ಮನೆಗಳು ಬೇಡವೆನ್ನುವುದು ಸುಲಭವಲ್ಲ, ಇತ್ತೀಚಿನ ಮನೆಗಳು ಬೆಂಕಿಯನ್ನು ಹೆಚ್ಚು ತಡೆಯುತ್ತವೆಂಬುದೂ ನಿಜ. ಆದರೆ ಗಟ್ಟಿಯಾದ ಚಾವಣಿ ರಸ್ತೆಯನ್ನು ಅಗಲಗೊಳಿಸುವುದಿಲ್ಲ. 2025ರ ಜನವರಿಯ ಕಾಳ್ಗಿಚ್ಚಿನಲ್ಲಿ ಲಾಸ್ ಏಂಜಲೀಸ್‌ನ ಪೆಸಿಫಿಕ್ ಪ್ಯಾಲಿಸೇಡ್ಸ್‌ನಲ್ಲಿ ಜನ ಕಾರುಗಳನ್ನು ನಡುರಸ್ತೆಯಲ್ಲಿಯೇ ಬಿಟ್ಟು ಕಾಲ್ನಡಿಗೆಯಲ್ಲಿ ಓಡಬೇಕಾಯಿತು. ಅಗ್ನಿಶಾಮಕ ವಾಹನಗಳಿಗೆ ದಾರಿ ಬಿಡಿಸಲು ಆ ಕಾರುಗಳನ್ನು ಬುಲ್ಡೋಜರ್‌ನಿಂದ ಬದಿಗೆ ತಳ್ಳಲಾಯಿತು.

ಈಗ ಕ್ಯಾಲಿಫೋರ್ನಿಯಾದ ಕಾನೂನು ನಿಧಾನವಾಗಿ ಎಚ್ಚೆತ್ತುಕೊಳ್ಳುತ್ತಿದೆ. ಎರಡು ಹೊರದಾರಿಗಳೂ ಇಲ್ಲದ ವಸತಿ ಪ್ರದೇಶಗಳನ್ನು ಸ್ಥಳೀಯ ಆಡಳಿತಗಳು ಗುರುತಿಸಬೇಕೆಂಬ ನಿಯಮ 2019ರಲ್ಲಿ ಬಂದಿತು. ಲೇಕ್ ಕೌಂಟಿಯ ಗುವೆನಾಕ್ ಕಣಿವೆಯಲ್ಲಿ ಯೋಜಿಸಲಾಗಿದ್ದ ಸುಮಾರು 1,400 ಮನೆಗಳ ವಿಹಾರಧಾಮದ ಪರಿಸರ ವರದಿ, ಸುತ್ತಲಿನ ಜನರ ತೆರವಿನ ಮೇಲಾಗುವ ಪರಿಣಾಮವನ್ನು ಸರಿಯಾಗಿ ಪರಿಶೀಲಿಸಿಲ್ಲವೆಂದು 2022ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. ಯಾವುದೇ ಬಡಾವಣೆಯ ನಕ್ಷೆಗೆ ಒಪ್ಪಿಗೆ ಕೊಡುವ ಮುನ್ನ, ಹಳಬರನ್ನೂ ಸೇರಿಸಿ ಎಲ್ಲರೂ ಹೊರಬರಲು ಬೇಕಾಗುವ ಅವಧಿಯನ್ನು ಗಂಟೆ, ನಿಮಿಷಗಳಲ್ಲಿ ಬರೆದುಕೊಡಬೇಕೆಂದು ಕಟ್ಟುವವರನ್ನು ಕೇಳುವುದು ಆಡಳಿತದ ಕರ್ತವ್ಯ. ಬೆಂಕಿ ಊರನ್ನು ತಲುಪುವ ಅವಧಿಗಿಂತ ಅದು ಹೆಚ್ಚಾಗಿದ್ದರೆ ಒಪ್ಪಿಗೆ ಕೊಡಬಾರದು.