ಮೂಕಪ್ರಾಣಿಯ ಬಿ.ಪಿ. ಅಳೆಯುವುದು ಹೇಗೆ?

ಬಿ.ಪಿ. ಗುಳಿಗೆ ನುಂಗುವ ಹಿರಿಯರಿಲ್ಲದ ಓಣಿ ರಾಯಬಾಗ ತಾಲ್ಲೂಕಿನ ಮುಗಳಖೋಡದಲ್ಲಿಯೂ ಇರಲಾರದು. ಆದರೆ ಕಬ್ಬಿನ ಹೊಲ ಕಾಯುವ ಮುದಿ ನಾಯಿ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಬಾಗಿಲಿಗೆ, ಗೂಟಕ್ಕೆ ಹಾಯತೊಡಗಿದರೆ "ವಯಸ್ಸಾತು, ಕಣ್ಣು ಹೋದವು" ಎಂದು ಸುಮ್ಮನಾಗುವವರೇ ಹೆಚ್ಚು. ರಕ್ತದೊತ್ತಡ ಏರಿ ಕಣ್ಣಿನ ಒಳಪರದೆ ಕಳಚಿರಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ಮೂತ್ರಪಿಂಡ ಕೆಟ್ಟ ಮುದಿ ನಾಯಿ, ಬೆಕ್ಕುಗಳಲ್ಲಿ ಇದು ಅಪರೂಪವೇನಲ್ಲ. ಬೇಗನೆ ಒತ್ತಡ ಇಳಿಸಿದರೆ ದೃಷ್ಟಿ ಮರಳುವುದೂ ಉಂಟು. ಅದಕ್ಕೆ ಮೊದಲು ಅಳೆಯಬೇಕಲ್ಲ!

ವಿಚಿತ್ರವೆಂದರೆ, ರಕ್ತದೊತ್ತಡ ಅಳೆಯುವ ವಿದ್ಯೆ ಆರಂಭವಾದದ್ದು ಮನುಷ್ಯನಿಂದಲ್ಲ, ಕುದುರೆಯಿಂದ. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಹೆಣ್ಣು ಕುದುರೆಯೊಂದನ್ನು ಕೆಡವಿ ಕಟ್ಟಿ, ಅದರ ತೊಡೆಯ ಅಪಧಮನಿಗೆ ಉದ್ದನೆಯ ಗಾಜಿನ ಕೊಳವೆ ಜೋಡಿಸಿದ. ರಕ್ತ 8 ಅಡಿ 3 ಅಂಗುಲ ಏರಿತು. 1733ರಲ್ಲಿ ಇದನ್ನು ಪ್ರಕಟಿಸಿದ. ಪಾದರಸದ ಲೆಕ್ಕದಲ್ಲಿ ಅದು ಸುಮಾರು 190 ಮಿ.ಮೀ. ನಿಶ್ಚಿಂತೆಯಿಂದ ನಿಂತ ಕುದುರೆಯಲ್ಲಿ ಇಷ್ಟು ಕಾಣದು. ಕಟ್ಟಿಸಿಕೊಂಡ ಪ್ರಾಣಿಗೆ ಭಯ, ನೋವು ಎರಡೂ ಇದ್ದವು! ಪಶುವೈದ್ಯರನ್ನು ಇಂದಿಗೂ ಕಾಡುವ ತೊಡಕು ಮೊದಲ ಅಳತೆಯಲ್ಲಿಯೇ ಇತ್ತು.

ಅಪಧಮನಿಯೊಳಗೆ ಸಣ್ಣ ನಳಿಕೆ ಇಳಿಸಿ ನೇರವಾಗಿ ಅಳೆಯುವುದೇ ಇಂದಿಗೂ ಅತ್ಯಂತ ನಂಬಲರ್ಹ. ಆದರೆ ಎಚ್ಚರವಿರುವ ನಾಯಿ ಅದಕ್ಕೆ ಒಪ್ಪೀತೇ? ಹಾಗಾಗಿ ಅದು ಹೆಚ್ಚಾಗಿ ಶಸ್ತ್ರಚಿಕಿತ್ಸೆಯ ಮೇಜಿಗೇ ಸೀಮಿತ. ಉಳಿದದ್ದು ಗಾಳಿ ತುಂಬುವ ಪಟ್ಟಿ. ನಮಗೆ ಮಾಡುವಂತೆ ಸ್ಟೆತಾಸ್ಕೋಪಿನಿಂದ ಕೇಳೋಣವೆಂದರೆ ನಾಯಿ, ಬೆಕ್ಕಿನ ಅಪಧಮನಿ ಸಣ್ಣದು, ಸದ್ದು ಸರಿಯಾಗಿ ಕೇಳಿಸದು. ಡಾಪ್ಲರ್ ಯಂತ್ರ ಕಿವಿಗೆ ಕೇಳದ ಧ್ವನಿಯಲೆ ಕಳುಹಿಸಿ, ಹರಿಯುವ ರಕ್ತದಿಂದ ಮರಳಿದ್ದನ್ನು 'ಸುಂಯ್' ಎಂದು ಕೇಳಿಸುತ್ತದೆ. ಆದರೆ ಅದರಿಂದ ನಂಬಬಹುದಾದದ್ದು ಮೇಲಿನ ಅಂಕಿ ಮಾತ್ರ. ಪಟ್ಟಿಯ ಕಂಪನವನ್ನು ತಾನೇ ಓದುವ ಆಸಿಲೋಮೆಟ್ರಿಕ್ ಯಂತ್ರ ಎರಡೂ ಅಂಕಿ ಕೊಡುತ್ತದೆ. ಪ್ರಾಣಿ ನಡುಗಿದರೆ, ನಾಡಿ ತಪ್ಪಿದರೆ ಮೋಸಹೋಗುತ್ತದೆ. ಬೆಕ್ಕಿನಲ್ಲಿ ಏರಿದ ಒತ್ತಡವನ್ನು ಕಡಿಮೆ ತೋರಿಸುವುದೂ ಉಂಟು.

ಪಟ್ಟಿಯ ಅಗಲ ಕಾಲಿನ ಸುತ್ತಳತೆಯ 30-40 ಪಾಲು, ಅಂದರೆ 10 ಸೆಂ.ಮೀ. ಸುತ್ತಳತೆಗೆ 3-4 ಸೆಂ.ಮೀ. ಇರಬೇಕು. ಕಿರಿದಾದರೆ ಒತ್ತಡ ಹೆಚ್ಚು, ಅಗಲವಾದರೆ ಕಡಿಮೆ ಕಾಣುತ್ತದೆ. ಹಸುವಿನ ಬಾಲದ ಬುಡಕ್ಕೆ ಪಟ್ಟಿ ಸುತ್ತುವುದುಂಟು. ಆ ಜಾಗ ಹೃದಯಕ್ಕಿಂತ 40 ಸೆಂ.ಮೀ. ಮೇಲಿದ್ದರೆ ಅಂಕಿ ಸುಮಾರು 30 ಮಿ.ಮೀ. ತಗ್ಗಿ ಬರುತ್ತದೆ. ಬಾವಿಯ ನೀರು ಎತ್ತುವ ಪಂಪಿನ ಲೆಕ್ಕವೇ ಇದು.

2018ರಲ್ಲಿ ಅಮೆರಿಕದ ಪಶುವೈದ್ಯ ತಜ್ಞರು ಹೊರಡಿಸಿದ ಮಾರ್ಗಸೂಚಿಯಂತೆ ನಾಯಿ, ಬೆಕ್ಕುಗಳಲ್ಲಿ ಮೇಲಿನ ಅಂಕಿ 160 ದಾಟಿದರೆ ಏರೊತ್ತಡ. 180 ಮುಟ್ಟಿದರೆ ಕಣ್ಣು, ಮಿದುಳು, ಮೂತ್ರಪಿಂಡಕ್ಕೆ ತೀವ್ರ ಅಪಾಯ. ಪ್ರಾಣಿಯನ್ನು 5-10 ನಿಮಿಷ ಸುಮ್ಮನೆ ಬಿಟ್ಟು, ಮೊದಲ ಅಳತೆ ತಳ್ಳಿ, ನಂತರದ 5-7ರ ಸರಾಸರಿ ಹಿಡಿಯಬೇಕು. ಗ್ರೇಹೌಂಡಿನಂಥ ಬೇಟೆನಾಯಿಗಳ ಒತ್ತಡ ಸಹಜವಾಗಿಯೇ 10-20 ಮಿ.ಮೀ. ಹೆಚ್ಚು. ಪಕ್ಕದ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯೂ ಓಡಿ ಬೇಟೆಯಾಡುವ ಅದೇ ವರ್ಗದ್ದು. ಅದರ ಅಂಕಿ ಕಂಡು ಗಾಬರಿಯಾಗುವ ಮುನ್ನ ಇದು ನೆನಪಿರಲಿ. ಗುಳಿಗೆ ಶುರುವಾದರೆ ಅದು ಬಹುತೇಕ ಜೀವನಪರ್ಯಂತ. ಹಾಗಾಗಿ ಚೀಟಿಯಲ್ಲಿ ಅಂಕಿಯ ಜೊತೆಗೆ ಯಾವ ಯಂತ್ರ, ಯಾವ ಕಾಲು, ಎಷ್ಟು ಅಗಲದ ಪಟ್ಟಿ ಎಂದೂ ಬರೆಸಿಕೊಳ್ಳಬೇಕು. ಮುಂದಿನ ಸಲದ ಅಳತೆಯೂ ಹಾಗೆಯೇ ಆಗಬೇಕು.