ಆನೆಗೆ ಎಷ್ಟು ದಪ್ಪದ ಗುಂಡು?

ಹಾಸ್ಟೆಲಿನಲ್ಲಿ ಬಿಜಿಎಂಐ ಆಡುವವರನ್ನು ಯಾವ ಬಂದೂಕಿಗೆ ಯಾವ ಗುಂಡು ಎಂದು ಕೇಳಿ ನೋಡಿ. ನಿದ್ದೆಗಣ್ಣಿನಲ್ಲೂ ಹೇಳುತ್ತಾರೆ. ಎಕೆಎಂಗೆ 7.62, ಎಂ416ಕ್ಕೆ 5.56, ಎಡಬ್ಲ್ಯುಎಂಗೆ .300 ಮ್ಯಾಗ್ನಮ್. ಹಾಗಾದರೆ ಈ ಸಂಖ್ಯೆ ಏನನ್ನು ಹೇಳುತ್ತದೆ ಎಂದರೆ, ‘ಡ್ಯಾಮೇಜು’ ಎಂಬ ಉತ್ತರ ಬರುತ್ತದೆ. ತಮಾಷೆಯೆಂದರೆ .300 ಇಂಚನ್ನು 25.4ರಿಂದ ಗುಣಿಸಿದರೆ ಸಿಗುವುದು ಅದೇ 7.62 ಮಿಲಿಮೀಟರ್! ಎರಡರ ದಪ್ಪವೂ ಒಂದೇ. ಒಂದು ಇನ್ನೊಂದಕ್ಕಿಂತ ಬಲವಾಗಿರುವುದಕ್ಕೆ ಕಾರಣ ತೋಟಾದೊಳಗಿನ ಮದ್ದು, ಗುಂಡಿನ ತೂಕ, ಅದು ಓಡುವ ವೇಗ. ಕ್ಯಾಲಿಬರ್ ಎಂದು ನಾವು ಕರೆಯುವ ಸಂಖ್ಯೆ ಹೇಳುವುದು ಹೆಚ್ಚುಕಡಿಮೆ ನಳಿಗೆಯ ಒಳಗಿನ ಅಗಲವನ್ನು ಮಾತ್ರ.

ಈ .300 ಮ್ಯಾಗ್ನಮ್ ಹುಟ್ಟಿದ್ದು ಯುದ್ಧಕ್ಕಲ್ಲ. ವಿಂಚೆಸ್ಟರ್ ಕಂಪನಿ 1963ರಲ್ಲಿ ಅದನ್ನು ಮಾರುಕಟ್ಟೆಗೆ ತಂದದ್ದು ದೊಡ್ಡ ಜಿಂಕೆ ಜಾತಿಯ ಪ್ರಾಣಿಗಳನ್ನು ಬೇಟೆಯಾಡುವವರಿಗಾಗಿ. ಕ್ಯಾಲಿಬರ್ ಬಗ್ಗೆ ಅತಿ ಹೆಚ್ಚು ಜಗಳ ನಡೆದಿರುವುದೂ ದೊಡ್ಡ ಪ್ರಾಣಿಗಳ ಬೇಟೆಗಾರರ ನಡುವೆಯೇ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ಆ ಬೇಟೆಯ ಕಾಲ ಮುಗಿಯಿತು, ಮುಗಿದದ್ದು ಒಳ್ಳೆಯದೇ ಆಯಿತು. ಆದರೂ ಆ ಜಗಳದೊಳಗೆ ಪಿಯುಸಿ ಭೌತಶಾಸ್ತ್ರವೂ ಇದೆ, ನ್ಯಾಯ ಅನ್ಯಾಯದ ಪ್ರಶ್ನೆಯೂ ಇದೆ. ಅದಕ್ಕೇ ಇಷ್ಟು ಪೀಠಿಕೆ.

ಕನ್ನಡದ ಓದುಗರಲ್ಲಿ ಅನೇಕರಿಗೆ ಇಂಥ ಸಂಖ್ಯೆಯ ಪರಿಚಯವಾದದ್ದು ತೇಜಸ್ವಿಯವರಿಂದ. ಅವರು ಕನ್ನಡಕ್ಕೆ ತಂದ ‘ಕಾಡಿನ ಕತೆಗಳು’ ಓದಿದವರಿಗೆ ಕೆನೆತ್ ಆಂಡರ್ಸನ್ ಗೊತ್ತು. ಬೆಂಗಳೂರಿನಲ್ಲೇ ಬಾಳಿದ ಈ ಬೇಟೆಗಾರನ ಕೈಯಲ್ಲಿರುತ್ತಿದ್ದುದು .405 ವಿಂಚೆಸ್ಟರ್ ರೈಫಲ್. 1904ರಲ್ಲಿ ಬಂದ ತೋಟಾ ಅದು. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೊಡೋರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಬೇಟೆಗೆ ಹೋದಾಗ ಜೊತೆಗೆ ಒಯ್ದ ಬಂದೂಕುಗಳಲ್ಲಿ ಇದೂ ಒಂದು. ಆದರೆ ಅವರು ಇದೊಂದನ್ನೇ ನಂಬಿ ಹೋಗಲಿಲ್ಲ, ಆನೆಗೆಂದು ಇದಕ್ಕಿಂತ ಭಾರಿಯಾದ ಜೋಡು ನಳಿಗೆಯ ಹಾಲೆಂಡ್ ರೈಫಲನ್ನೂ ಒಯ್ದಿದ್ದರು. ಯಾಕೆ ಎನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕರಿಮದ್ದಿನ ಕಾಲದಲ್ಲಿ ಗುಂಡಿನ ವೇಗವನ್ನು ಒಂದು ಮಿತಿಗಿಂತ ಹೆಚ್ಚಿಸುವುದು ಸಾಧ್ಯವಿರಲಿಲ್ಲ. ದೊಡ್ಡ ಪ್ರಾಣಿಗೆ ಹೊಡೆಯಬೇಕಾದರೆ ಇದ್ದದ್ದು ಒಂದೇ ದಾರಿ, ಗುಂಡನ್ನು ದಪ್ಪ ಮಾಡುವುದು. ಆಗಿನ ಅಳತೆ ಇಂದಿಗೂ ನಮ್ಮ ‘ಟ್ವೆಲ್ವ್ ಬೋರ್’ ಕೋವಿಯ ಹೆಸರಿನಲ್ಲಿ ಉಳಿದಿದೆ. ಆ ನಳಿಗೆಗೆ ಸರಿಯಾಗಿ ಕೂರುವ ಸೀಸದ ಉಂಡೆಗಳು ಹನ್ನೆರಡು ಸೇರಿದರೆ ಒಂದು ಪೌಂಡ್. ಹಾಗಾಗಿ ಸಂಖ್ಯೆ ಚಿಕ್ಕದಾದಷ್ಟೂ ನಳಿಗೆ ದೊಡ್ಡದು. ಮೈಸೂರು ಸಂಸ್ಥಾನದಲ್ಲಿ ಆನೆ ಹಿಡಿಯುವ ಕೆಲಸದ ಉಸ್ತುವಾರಿ ಹೊತ್ತಿದ್ದ ಜಿ.ಪಿ. ಸ್ಯಾಂಡರ್ಸನ್ ಆನೆಗೆ ಬಳಸುತ್ತಿದ್ದುದು 4 ಬೋರ್. ಪೌಂಡಿಗೆ ನಾಲ್ಕೇ ಗುಂಡು, ಅಂದರೆ ಒಂದೊಂದೂ ಸುಮಾರು 113 ಗ್ರಾಂ! ಕ್ರಿಕೆಟ್ ಚೆಂಡಿನ ತೂಕ 160 ಗ್ರಾಂ ಆಸುಪಾಸು ಎಂದು ನೆನಪಿಸಿಕೊಂಡರೆ ಸಾಕು, ಆ ಕೋವಿ ಹೊಡೆದವನ ಭುಜಕ್ಕೆ ಏನಾಗುತ್ತಿತ್ತೆಂದು ಊಹಿಸಬಹುದು.

ಹತ್ತೊಂಬತ್ತನೇ ಶತಮಾನದ ಕೊನೆಗೆ ಹೊಗೆಯಿಲ್ಲದ ಮದ್ದು ಬಂತು. ಎಲ್ಲವೂ ತಲೆಕೆಳಗಾಯಿತು. ಅರ್ಧ ಇಂಚಿಗೂ ಕಡಿಮೆ ದಪ್ಪದ ಗುಂಡು ಹಳೆಯ ಉಂಡೆಗಿಂತ ಎಷ್ಟೋ ವೇಗವಾಗಿ ಓಡಿ ಆಳಕ್ಕೆ ಇಳಿಯತೊಡಗಿತು. 1898ರಲ್ಲಿ .450 ನೈಟ್ರೋ ಎಕ್ಸ್‌ಪ್ರೆಸ್ ಬಂದು ಭಾರತದಲ್ಲೂ ಆಫ್ರಿಕಾದಲ್ಲೂ ಹೆಸರು ಮಾಡಿತು. ಕೆಲವೇ ವರ್ಷಗಳಲ್ಲಿ ಬ್ರಿಟಿಷ್ ಸರ್ಕಾರ ಭಾರತ ಮತ್ತು ಸುಡಾನಿಗೆ .450 ಬರುವುದನ್ನೇ ನಿಷೇಧಿಸಿತು. ಅದೇ ಅಳತೆಯ ಹಳೆಯ ಸೇನಾ ಬಂದೂಕುಗಳು ಜನರ ಕೈಯಲ್ಲಿದ್ದವು, ಈ ಗುಂಡುಗಳು ತಮ್ಮ ಮೇಲೇ ತಿರುಗಬಹುದೆಂಬ ಭಯ ಸರ್ಕಾರಕ್ಕೆ. ಕಂಪನಿಗಳೇನು ಸುಮ್ಮನಿರಲಿಲ್ಲ, .465, .470, .475 ಎಂದು ಕೂದಲೆಳೆಯ ವ್ಯತ್ಯಾಸದ ಹೊಸ ಅಳತೆಗಳನ್ನು ತಂದವು. ಇವತ್ತಿಗೂ ಬೇಟೆಗಾರರು ಭಕ್ತಿಯಿಂದ ಹೆಸರಿಸುವ .470ರ ಜನಪ್ರಿಯತೆಯಲ್ಲಿ ನಮ್ಮ ದೇಶದ ಒಂದು ಸರ್ಕಾರಿ ಆದೇಶದ ಪಾಲೂ ಇದೆ.

ಈಗ ಕತೆಯ ವಿಚಿತ್ರ ಪಾತ್ರಕ್ಕೆ ಬರೋಣ. ಡಬ್ಲ್ಯು.ಡಿ.ಎಂ. ಬೆಲ್ ಎಂಬ ಸ್ಕಾಟ್ಲೆಂಡಿನವನು ದಂತಕ್ಕಾಗಿ ಆಫ್ರಿಕಾದಲ್ಲಿ ಸಾವಿರಕ್ಕೂ ಹೆಚ್ಚು ಆನೆಗಳನ್ನು ಕೊಂದ. ಮೆಚ್ಚುವ ಸಾಧನೆ ಅಲ್ಲ, ಆದರೆ ಲೆಕ್ಕ ಮುಖ್ಯ. ಉಳಿದವರು ಹೆಬ್ಬೆರಳು ಗಾತ್ರದ ಗುಂಡು ಹೊತ್ತು ತಿರುಗುತ್ತಿದ್ದಾಗ ಇವನು ಹೆಚ್ಚಿನ ಆನೆಗಳನ್ನು ಹೊಡೆದದ್ದು .275 ರಿಗ್ಬಿಯಿಂದ, ಅಂದರೆ 7 ಮಿಲಿಮೀಟರ್ ಮೌಸರ್ ಗುಂಡಿನಿಂದ. ಇಂದು ಹಲವರು ಅದನ್ನು ಜಿಂಕೆ ಹೊಡೆಯುವ ಗುಂಡು ಎನ್ನುತ್ತಾರೆ.

ಇದು ಹೇಗೆ ಸಾಧ್ಯವಾಯಿತು? ಗೋಣಿಚೀಲಕ್ಕೆ ಹೆಬ್ಬೆರಳು ಒತ್ತಿ ನೋಡಿ, ಆಮೇಲೆ ಅಷ್ಟೇ ಬಲದಿಂದ ದಬ್ಬಳ ಒತ್ತಿ ನೋಡಿ. ಗುಂಡಿನ ತೂಕವನ್ನು ಅದರ ವ್ಯಾಸದ ವರ್ಗದಿಂದ ಭಾಗಿಸಿದರೆ ಅದು ಎಷ್ಟು ಆಳಕ್ಕೆ ಇಳಿದೀತೆಂಬ ಅಂದಾಜು ಸಿಗುತ್ತದೆ. ಬೆಲ್‌ನ ಗುಂಡು 11.2 ಗ್ರಾಂ, ವ್ಯಾಸ 7.2 ಮಿಲಿಮೀಟರ್. ಆಫ್ರಿಕಾದ ಬೇಟೆಗೆ ಮಾದರಿ ಎನಿಸಿದ .375 ಹಾಲೆಂಡ್ ಆ್ಯಂಡ್ ಹಾಲೆಂಡ್ ಮ್ಯಾಗ್ನಮ್ 1912ರದು. ಅದರ ಗುಂಡು 19.4 ಗ್ರಾಂ, ವ್ಯಾಸ 9.5. ಭಾಗಿಸಿ ನೋಡಿ, ಎರಡೂ 0.215ರ ಆಸುಪಾಸಿನಲ್ಲಿ ನಿಲ್ಲುತ್ತವೆ. ಆಂಡರ್ಸನ್‌ನ .405 ಕೂಡ 19.4 ಗ್ರಾಂ, ಆದರೆ ವ್ಯಾಸ 10.4. ಅದರ ಅಂಕ 0.18. ದಪ್ಪ ಹೆಚ್ಚು, ಇಳಿಯುವ ಶಕ್ತಿ ಕಡಿಮೆ. ತೆಳು ಚರ್ಮದ ಹುಲಿ, ಚಿರತೆಗೆ ಅದು ಧಾರಾಳವಾಗಿ ಸಾಕಿತ್ತು. ಆನೆಯ ತಲೆಬುರುಡೆಯ ಮಾತು ಬೇರೆ. ರೂಸ್‌ವೆಲ್ಟ್ ಇನ್ನೊಂದು ರೈಫಲ್ ಒಯ್ದದ್ದು ಏಕೆಂದು ಈಗ ಅರ್ಥವಾಗುತ್ತದೆ.

ಗುಂಡಿನ ಮೈಯೂ ಮುಖ್ಯ. ತುದಿಯಲ್ಲಿ ಮೆತ್ತನೆಯ ಸೀಸ ಬಿಟ್ಟ ಗುಂಡು ತಾಗಿದೊಡನೆ ಅಣಬೆಯಂತೆ ಅರಳುತ್ತದೆ. ಹುಲಿಗೆ ಅದು. ಇಡೀ ಮೈಗೆ ಗಟ್ಟಿ ಲೋಹದ ಕವಚವಿರುವ ಗುಂಡು ಅರಳದೆ ನೇರ ಒಳಕ್ಕೆ ಹೋಗುತ್ತದೆ. ಬೆಲ್ ಬಳಸಿದ್ದು ಇದನ್ನು. ಎಲ್ಲಕ್ಕಿಂತ ಹೆಚ್ಚಾಗಿ ಅವನು ಸತ್ತ ಆನೆಗಳ ತಲೆಯನ್ನು ಗರಗಸದಿಂದ ಕೊಯ್ಯಿಸಿ, ಜೇನುಗೂಡಿನಂಥ ಆ ಮೂಳೆಯೊಳಗೆ ಮಿದುಳು ಎಲ್ಲಿದೆ, ಯಾವ ದಿಕ್ಕಿನಿಂದ ನೋಡಿದರೆ ಎಲ್ಲಿ ಹೊಡೆಯಬೇಕು ಎಂದು ಅಭ್ಯಾಸ ಮಾಡಿದ್ದ. ಅಷ್ಟು ಕಲಿಯದವನ ಕೈಯಲ್ಲಿ .275 ಇದ್ದರೆ ಆನೆಗೂ ಅಪಾಯ, ಅವನಿಗೂ ಅಪಾಯ.

ಹಾಗಾದರೆ ಸುರಕ್ಷಿತವಾಗಿರಲಿ ಎಂದು ಎಲ್ಲರೂ ದೊಡ್ಡದನ್ನೇ ಹಿಡಿಯಬಹುದಲ್ಲ? ಇಲ್ಲಿ ನ್ಯೂಟನ್‌ನ ಮೂರನೇ ನಿಯಮ ಅಡ್ಡ ಬರುತ್ತದೆ. .375ರ ಗುಂಡು ಸೆಕೆಂಡಿಗೆ ಸುಮಾರು 770 ಮೀಟರ್ ವೇಗದಲ್ಲಿ ಹೊರಡುತ್ತದೆ. ಮದ್ದಿನ ಅನಿಲವನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ನಾಲ್ಕು ಕಿಲೋ ತೂಕದ ರೈಫಲ್ ಸೆಕೆಂಡಿಗೆ ಮೂರೂಮುಕ್ಕಾಲು ಮೀಟರ್ ವೇಗದಲ್ಲಿ ಹಿಂದಕ್ಕೆ ಬಂದು ಭುಜಕ್ಕೆ ಒದೆಯುತ್ತದೆ. ಎರಡು ಸಲ ಒದೆಸಿಕೊಂಡವನ ಮೈ ಮೂರನೇ ಸಲ ತಾನಾಗಿ ಬೆದರುತ್ತದೆ. ಟ್ರಿಗರ್ ಎಳೆಯುವ ಕ್ಷಣದಲ್ಲೇ ಕಣ್ಣು ಮುಚ್ಚುತ್ತದೆ, ನಳಿಗೆ ಅಲುಗುತ್ತದೆ. ಗುಂಡು ಎಷ್ಟೇ ಬಲಶಾಲಿಯಾದರೂ ಹೃದಯಕ್ಕೆ ಬೀಳಬೇಕಾದದ್ದು ಹೊಟ್ಟೆಗೆ ಬೀಳುತ್ತದೆ. ನನಗನಿಸುವಂತೆ ಕ್ಯಾಲಿಬರ್ ಜಗಳದ ತಿರುಳು ಇರುವುದು ಇಲ್ಲೇ. ಪ್ರಾಣಿಗೆ ಎಷ್ಟು ಬಲ ಬೇಕು ಎನ್ನುವುದು ಅರ್ಧ ಪ್ರಶ್ನೆ. ಹಿಡಿದವನು ಎಷ್ಟು ಒದೆತವನ್ನು ತಾಳಿಕೊಂಡು ನೆಟ್ಟಗೆ ಹೊಡೆಯಬಲ್ಲ ಎನ್ನುವುದು ಉಳಿದರ್ಧ.

ಬೇಟೆಗೆ ಇಂದಿಗೂ ಅನುಮತಿ ಇರುವ ದೇಶಗಳು ಈ ಆಯ್ಕೆಯನ್ನು ಬೇಟೆಗಾರನ ಇಷ್ಟಕ್ಕೇ ಬಿಟ್ಟಿಲ್ಲ. ನಮೀಬಿಯಾದಲ್ಲಿ ನಳಿಗೆಯಿಂದ ಹೊರಡುವಾಗ ಗುಂಡಿಗೆ ಇರಬೇಕಾದ ಕನಿಷ್ಠ ಶಕ್ತಿಯನ್ನು ಜೂಲ್‌ಗಳಲ್ಲಿ ಬರೆದಿಟ್ಟಿದ್ದಾರೆ: ಸ್ಪ್ರಿಂಗ್‌ಬಾಕ್ ಜಿಂಕೆಗೆ 1,350, ಕುಡುವಿನಂಥ ದೊಡ್ಡದಕ್ಕೆ 2,700, ಆನೆ ಕಾಡೆಮ್ಮೆಗಳಿಗೆ 5,400. ಅರ್ಧ ಎಂವಿ ಸ್ಕ್ವೇರ್ ಹಾಕಿದರೆ .375ಕ್ಕೆ ಸುಮಾರು 5,700 ಬರುತ್ತದೆ, ಪಾಸ್. .405ಕ್ಕೆ ಸುಮಾರು 4,300. ಬೆಲ್‌ನ ಗುಂಡು ಆನೆಯ ಮಿತಿಯ ಅರ್ಧದಷ್ಟೇ. ಆನೆ ಬೇಟೆಯ ಇತಿಹಾಸದ ಅತಿ ಪ್ರಸಿದ್ಧ ಬೇಟೆಗಾರ ಇಂದು ಅದೇ ಬಂದೂಕು ಹಿಡಿದು ಹೋದರೆ ಅಪರಾಧಿ. ಕಾನೂನು ಸರಿಯಾಗಿಯೇ ಇದೆ. ಅದು ಬರೆದಿರುವುದು ಬೆಲ್‌ನಂಥವರಿಗಲ್ಲ, ಒಂದು ಅಂಗೈ ಆಚೀಚೆ ಹೊಡೆಯುವ ಸಾಮಾನ್ಯರಿಗೆ.

ಆ ಒಂದು ಅಂಗೈ ಆಚೀಚೆಯ ಬೆಲೆ ತೆತ್ತವರು ನಮ್ಮಲ್ಲಿದ್ದರು. 1907ರಲ್ಲಿ ಜಿಮ್ ಕಾರ್ಬೆಟ್ ಕೊಂದ ಚಂಪಾವತದ ಹುಲಿ 436 ಜನರನ್ನು ತಿಂದಿತ್ತೆಂದು ಲೆಕ್ಕ. ಸತ್ತ ಮೇಲೆ ಅದರ ಬಾಯಿ ನೋಡಿದರೆ ಬಲಬದಿಯ ಮೇಲಿನ, ಕೆಳಗಿನ ಎರಡೂ ಕೋರೆಹಲ್ಲು ಮುರಿದಿದ್ದವು. ಹಳೆಯ ಗುಂಡೇಟು. ಹೊಡೆದವನು ಯಾರೋ, ಬಂದೂಕು ಯಾವುದೋ. ಸಹಜ ಬೇಟೆ ಅಸಾಧ್ಯವಾದ ಆ ಹೆಣ್ಣುಹುಲಿ ಮನುಷ್ಯರ ಬೆನ್ನುಹತ್ತಿತು. ಹುಲ್ಲಿಗೆ, ಸೌದೆಗೆ ಕಾಡಿಗೆ ಹೋದ ಹೆಂಗಸರು ಎಂದೂ ಕಂಡಿರದ ಯಾರದೋ ತಪ್ಪು ಗುರಿಗೆ ಬಲಿಯಾದರು. ಆಂಡರ್ಸನ್‌ನ ಕತೆಗಳಲ್ಲೂ ಇದು ಮತ್ತೆ ಮತ್ತೆ ಬರುತ್ತದೆ. ಕಳ್ಳಬೇಟೆಯವನ ನಾಡಕೋವಿಯ ಏಟಿನಿಂದ ಕುಂಟಾದ ಪ್ರಾಣಿ, ಆಮೇಲೆ ಅದರ ಹಾವಳಿ. ಚಂಪಾವತದ ಹುಲಿಯನ್ನು ಕೊಂದದ್ದಕ್ಕೆ ಕಾರ್ಬೆಟ್‌ಗೆ ಉಡುಗೊರೆಯಾಗಿ ಸಿಕ್ಕಿದ್ದು ಒಂದು .275 ರಿಗ್ಬಿ. 1930ರಲ್ಲಿ ಚೌಗಢದ ನರಭಕ್ಷಕಿ ಎದುರಾದಾಗ ಆತ ಎಡಗೈಯಲ್ಲಿ ಹಕ್ಕಿಯ ಮೊಟ್ಟೆ ಹಿಡಿದಿದ್ದ, .275 ರೈಫಲನ್ನು ಬಲಗೈಯೊಂದರಲ್ಲೇ ನಿಧಾನವಾಗಿ ತಿರುಗಿಸಿ ಹೊಡೆದ. ಐದು ಕಿಲೋದ .470 ಆಗಿದ್ದರೆ ಕತೆ ಬೇರೆಯಾಗಿರುತ್ತಿತ್ತೋ ಏನೋ.

ಇಂದು ನಮ್ಮ ಕಾಡಿನ ಅಂಚಿನಲ್ಲಿ ಇರುವುದು ರಿಗ್ಬಿಯೂ ಅಲ್ಲ, ಹಾಲೆಂಡೂ ಅಲ್ಲ. ಕೊಡವರಿಗೆ ಲೈಸೆನ್ಸಿನಿಂದ ವಿನಾಯಿತಿ ಇರುವುದು ಕೋವಿ ಇಟ್ಟುಕೊಳ್ಳಲು, ಬೇಟೆಗಲ್ಲ. ಮಲೆನಾಡಿನ ತೋಟಗಳಲ್ಲಿ ಬೆಳೆ ರಕ್ಷಣೆಗೆಂದು ಇರುವುದು ಹೆಚ್ಚಾಗಿ ಚರೆಯ ಕೋವಿ. ಭತ್ತ, ಬಾಳೆ ಕಳೆದುಕೊಂಡವನ ಸಿಟ್ಟು ನಿಜವಾದದ್ದೇ. ಆದರೆ ಕತ್ತಲಲ್ಲಿ ಆನೆಯತ್ತ ಹಾರಿಸಿದ ತೋಟಾದ ಭಾರವೆಲ್ಲ ಪುಟ್ಟ ಪುಟ್ಟ ಚರೆಗಳಿಗೆ ಹಂಚಿಹೋಗಿರುತ್ತದೆ. ಮೇಲಿನ ಲೆಕ್ಕವನ್ನು ಅವುಗಳಿಗೂ ಹಾಕಿ ನೋಡಿದರೆ ಅವು ಚರ್ಮ ದಾಟಿ ಸ್ವಲ್ಪ ದೂರದಲ್ಲೇ ನಿಲ್ಲುತ್ತವೆಂದು ಗೊತ್ತಾಗುತ್ತದೆ. ಆನೆ ಸಾಯುವುದಿಲ್ಲ. ಗಾಯದಲ್ಲಿ ಕೀವು ತುಂಬಿಕೊಂಡು, ನೋವಿಗೆ ರೇಗಿಕೊಂಡು ಅಲೆಯುತ್ತದೆ. ಎಷ್ಟೋ ಕಾಲದ ಮೇಲೆ ಮರಣೋತ್ತರ ಪರೀಕ್ಷೆ ನಡೆದಾಗ ಹಳೆಯ ಚರೆಗಳು ಸಿಕ್ಕ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ಬರುತ್ತದೆ. ಅಷ್ಟರೊಳಗೆ ಅದು ಹೊಡೆದವನ ಊರನ್ನು ಬಿಟ್ಟು ಇನ್ನೆಷ್ಟು ಊರುಗಳ ದಾರಿಯಲ್ಲಿ ಓಡಾಡಿರುತ್ತದೋ, ಬೆಳಿಗ್ಗೆ ಆರಕ್ಕೆ ಕಾಫಿ ತೋಟದ ಕೆಲಸಕ್ಕೆ ನಡೆದು ಹೋಗುವವರಿಗೆ ಗೊತ್ತು.