ಯಾವ ಬೀಜ ಮೊಳೆತೀತು?

ಲೆಕ್ಕ ಮಾಡುವ ಯಂತ್ರ ಬೇರೆ, ಯೋಚಿಸುವ ಯಂತ್ರ ಬೇರೆ. ಚದುರಂಗವಿರಲಿ, ಗಣಿತವಿರಲಿ, ಮಾತುಕತೆಯಿರಲಿ, ಯಾವ ಕೆಲಸ ಕೊಟ್ಟರೂ ಮನುಷ್ಯನಂತೆ ಕಲಿತು ಮಾಡಬಲ್ಲ ಯಂತ್ರದ ಬುದ್ಧಿಯನ್ನು ‘ಸರ್ವತೋಮುಖ ಕೃತಕ ಬುದ್ಧಿಮತ್ತೆ’ ಎನ್ನಬಹುದು. ಅದರತ್ತ ಸಾಗುವ ಸಂಶೋಧನೆಗೆ ಹತ್ತಾರು ವರ್ಷ ಬೇಕು. ಸಾರ್ವಜನಿಕರ ಹಣ, ಯುವ ಸಂಶೋಧಕರ ಆಯುಷ್ಯ ಎರಡೂ ಅದಕ್ಕೆ ಸಲ್ಲುತ್ತವೆ. ಹಾಗಾದರೆ ಯಾವ ಯೋಜನೆ ಫಲ ಕೊಟ್ಟೀತೆಂದು ಮೊದಲೇ ತೂಗಿ ನೋಡುವುದು ಹೇಗೆ? ಮೂರು ಯೋಜನೆಗಳ ಕಥೆಯಲ್ಲಿ ಇದಕ್ಕೆ ಪಾಠವಿದೆ.

ಐದನೇ ತಲೆಮಾರು

1982ರಲ್ಲಿ ಜಪಾನ್ ಸರ್ಕಾರ ಹತ್ತು ವರ್ಷಗಳ ‘ಐದನೇ ತಲೆಮಾರಿನ ಕಂಪ್ಯೂಟರ್’ ಯೋಜನೆಗೆ ಕೈಹಾಕಿತು. ತರ್ಕದ ನಿಯಮಗಳನ್ನು ಏಕಕಾಲಕ್ಕೆ ಹಲವು ಪ್ರೊಸೆಸರ್‌ಗಳಲ್ಲಿ ನಡೆಸಿ, ತಾನೇ ತೀರ್ಮಾನಕ್ಕೆ ಬರುವ ಯಂತ್ರವನ್ನು ಕಟ್ಟುವುದು ಅದರ ಗುರಿ. 5,000 ಕೋಟಿ ಯೆನ್‌ಗೂ ಹೆಚ್ಚು ಖರ್ಚಾಯಿತು. ಬೆಚ್ಚಿದ ಅಮೆರಿಕ, ಬ್ರಿಟನ್‌ಗಳೂ ತಮ್ಮ ಯೋಜನೆಗಳನ್ನು ಹೂಡಿದವು. ಭಾರತದಲ್ಲಿಯೂ 1986ರಲ್ಲಿ ಇಂಥದೊಂದು ಕಾರ್ಯಕ್ರಮ ಶುರುವಾಗಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅದರ ಕೇಂದ್ರಗಳಲ್ಲಿ ಒಂದಾಯಿತು. ಜಪಾನಿಗರು ಯಂತ್ರಗಳನ್ನೇನೋ ಕಟ್ಟಿದರು. ಅಷ್ಟರಲ್ಲಿ ಮಾರುಕಟ್ಟೆಯ ಸಾಧಾರಣ ಕಂಪ್ಯೂಟರ್‌ಗಳೇ ವೇಗ ಪಡೆದಿದ್ದವು. ನಿಯಮಗಳಿಗೆ ಬೇಕಾದ ತಿಳಿವಳಿಕೆಯನ್ನು ಎಲ್ಲಿಂದ ತರಬೇಕೆಂಬ ಪ್ರಶ್ನೆಯೂ ಹಾಗೆಯೇ ಉಳಿಯಿತು.

ಕೈಯಿಂದ ತುಂಬಿದ ಕಣಜ

ಆ ಪ್ರಶ್ನೆಯನ್ನು ನೇರವಾಗಿ ಎದುರಿಸಿದವರು ಅಮೆರಿಕದ ಡಗ್ಲಾಸ್ ಲೆನಾಟ್. 1984ರಲ್ಲಿ ಅವರು ‘ಸೈಕ್’ ಯೋಜನೆ ಆರಂಭಿಸಿದರು. ಮಳೆಯಲ್ಲಿ ನಿಂತರೆ ಬಟ್ಟೆ ನೆನೆಯುತ್ತದೆ, ಮಗುವಿಗಿಂತ ತಾಯಿಯ ವಯಸ್ಸು ಹೆಚ್ಚು ಎಂಬಂಥ ಸಾಮಾನ್ಯ ಜ್ಞಾನವನ್ನು ಒಂದೊಂದಾಗಿ ಬರೆದು ಯಂತ್ರಕ್ಕೆ ತುಂಬುವುದೇ ಕೆಲಸ. 2023ರಲ್ಲಿ ತೀರಿಕೊಳ್ಳುವವರೆಗೂ ಅವರು ಇದನ್ನು ಬಿಡಲಿಲ್ಲ. ಲಕ್ಷಾಂತರ ಸಂಗತಿಗಳು ಸೇರಿದವು. ಆದರೆ ಅದರ ಬಲದಿಂದ ಯಂತ್ರ ತಾನೇ ಓದಿ ಎಲ್ಲವನ್ನೂ ಕಲಿಯುವ ದಿನ ಬರಲಿಲ್ಲ.

ಮೂಲೆಗೆ ಬಿದ್ದ ಬೀಜ

ಮೂರನೆಯದು ಮಿದುಳಿನ ನರಕೋಶಗಳನ್ನು ಅನುಕರಿಸುವ ‘ನರಜಾಲ’. 1958ರಲ್ಲಿ ಫ್ರಾಂಕ್ ರೋಸೆನ್‌ಬ್ಲಾಟ್ ಇದರ ಸರಳ ರೂಪವನ್ನು ಮುಂದಿಟ್ಟಾಗ ಭಾರಿ ಪ್ರಚಾರ ಸಿಕ್ಕಿತು. ಒಂದೇ ಪದರದ ಜಾಲಕ್ಕೆ ಕೆಲವು ಸುಲಭ ಲೆಕ್ಕಗಳೂ ಅಸಾಧ್ಯವೆಂದು 1969ರಲ್ಲಿ ಮಿನ್ಸ್ಕಿ ಮತ್ತು ಪ್ಯಾಪರ್ಟ್ ಗಣಿತದಿಂದಲೇ ತೋರಿಸಿದ ಮೇಲೆ ಉತ್ಸಾಹ ಇಳಿಯಿತು. ಕೆಲವರು ಮಾತ್ರ ಪಟ್ಟು ಬಿಡಲಿಲ್ಲ. 1986ರಲ್ಲಿ ರುಮೆಲ್‌ಹಾರ್ಟ್, ಹಿಂಟನ್, ವಿಲಿಯಮ್ಸ್ ಹಲವು ಪದರಗಳ ಜಾಲಕ್ಕೆ ತಪ್ಪು ತಿದ್ದಿಕೊಳ್ಳುವುದನ್ನು ಕಲಿಸುವ ವಿಧಾನವನ್ನು ಜನಪ್ರಿಯಗೊಳಿಸಿದರು. 2012ರಲ್ಲಿ ಫಲ ಕಣ್ಣಿಗೆ ಬಿತ್ತು. ಚಿತ್ರಗಳನ್ನು ಗುರುತಿಸುವ ‘ಇಮೇಜ್‌ನೆಟ್’ ಸ್ಪರ್ಧೆಯಲ್ಲಿ, ಪ್ರತಿ ಚಿತ್ರಕ್ಕೂ ಐದು ಊಹೆಗಳಿಗೆ ಅವಕಾಶವಿದ್ದಾಗ, ಎರಡನೇ ಸ್ಥಾನದವರು ನೂರಕ್ಕೆ ಸುಮಾರು 26 ತಪ್ಪು ಮಾಡಿದರೆ, ಹಿಂಟನ್ ತಂಡದ ಜಾಲ ಮಾಡಿದ್ದು ಸುಮಾರು 15. 2024ರಲ್ಲಿ ಜಾನ್ ಹಾಪ್‌ಫೀಲ್ಡ್ ಮತ್ತು ಜೆಫ್ರಿ ಹಿಂಟನ್ ಅವರಿಗೆ ಭೌತವಿಜ್ಞಾನದ ನೊಬೆಲ್ ದೊರೆಯಿತು.

ಅಳೆಯುವ ಮೂರು ಪ್ರಶ್ನೆ

ಹಣದ ಗಾತ್ರವೂ ಘೋಷಣೆಯ ಸದ್ದೂ ಅಳತೆಗೋಲಲ್ಲ ಎಂಬುದು ಇದರಿಂದ ಸ್ಪಷ್ಟ. ಬದಲಿಗೆ ಮೂರು ಪ್ರಶ್ನೆ ಕೇಳಬೇಕು. ಮೊದಲನೆಯದು, ಮಾಹಿತಿ ಮತ್ತು ಯಂತ್ರಬಲ ಹೆಚ್ಚಿದಂತೆ ಅದು ತಾನಾಗಿ ಸುಧಾರಿಸುವುದೇ, ಇಲ್ಲವೇ ಪ್ರತಿ ಹೆಜ್ಜೆಗೂ ಮನುಷ್ಯರೇ ಬರೆದು ತುಂಬಬೇಕೇ? ಎರಡನೆಯದು, ಸೋತರೆ ಸೋತೆವೆಂದು ತೋರಿಸುವ, ಎಲ್ಲರಿಗೂ ಒಂದೇ ಆದ ಪರೀಕ್ಷೆ ಇದೆಯೇ? ಮೂರನೆಯದು, ಸೋತಾಗ ಕೊರತೆಯಿದ್ದುದು ವಿಚಾರದಲ್ಲೋ, ಸಲಕರಣೆಯಲ್ಲೋ? ನರಜಾಲಕ್ಕೆ ಬಹುಕಾಲ ಸಾಲದೆ ಬಂದದ್ದು ಮಾಹಿತಿ ಮತ್ತು ವೇಗ. 1975ರಲ್ಲಿ ಬರೀ ಫಲಿತಾಂಶ ನೋಡಿದ್ದರೆ ಅದನ್ನು ಯಾರೂ ಆರಿಸುತ್ತಿರಲಿಲ್ಲ. ಆದ್ದರಿಂದ ಜಾಣ ರೈತನಂತೆ ಹಲವು ಬೀಜಗಳನ್ನು ಕಾಪಾಡುವುದೂ ವಿವೇಕವೇ.

ಮಾತನಾಡುವ ಇಂದಿನ ಕಂಪ್ಯೂಟರ್‌ಗಳು ಈ ನರಜಾಲದ ಸಂತಾನ. ಅವೇ ಸರ್ವತೋಮುಖ ಬುದ್ಧಿಯಾಗಿ ಬೆಳೆದಾವೇ ಎಂಬುದರಲ್ಲಿ ತಜ್ಞರಿಗೇ ಒಮ್ಮತವಿಲ್ಲ. ಈ ವಿದ್ಯೆಯನ್ನು ಬೆಳೆಸಿದ ಯಾನ್ ಲೆಕುನ್ ಅವರೇ ಭಾಷೆಯ ಮಾದರಿಗಳಷ್ಟೇ ಸಾಲವು ಎನ್ನುತ್ತಾರೆ.

ಹೆಸರು ಕೇಳಿ ಕೋರ್ಸು ಆರಿಸುವ ಪಾಲಕರು ಒಂದನ್ನು ಗಮನಿಸಬೇಕು. ನರಜಾಲ ತನ್ನ ತಪ್ಪನ್ನು ತಿದ್ದಿಕೊಳ್ಳುವುದು ದ್ವಿತೀಯ ಪಿಯುಸಿ ಗಣಿತದಲ್ಲಿ ಬರುವ ಅವಕಲನದ ಸರಪಣಿ ನಿಯಮದಿಂದಲೇ. ನಾಳೆ ಯಾವ ಬೀಜ ಮೊಳೆತರೂ ಗಣಿತವೆಂಬ ನೆಲ ಹದವಾಗಿರುವ ವಿದ್ಯಾರ್ಥಿಗೆ ನಷ್ಟವಿಲ್ಲ.